ಗ್ಯಾಸ್ ಒಲೆ: ಮಾರಿದ ಮೇಲಿನ ಹೊಣೆ ಯಾರದು?

ಗೃಹೋಪಯೋಗಿ ವಸ್ತುಗಳ ವ್ಯಾಪಾರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ತೊಡಗಿಕೊಂಡಿರುವ ನಾನು ಈ ಪತ್ರಿಕೆಗೆ ಹಿಂದೆ ಬರೆದಿದ್ದು ತೆರಿಗೆಯ ವಿಷಯವಾಗಿ, ಇಲ್ಲವೇ ಸಾಗಣೆ ದರದ ವಿಷಯವಾಗಿ. ಸರ್ಕಾರದ ಮೇಲೆ ದೂರು ಹೇಳುವುದು ನಮಗೆ ಸುಲಭ; ಸದಸ್ಯ ಬಾಂಧವರೂ ತಲೆದೂಗುತ್ತಾರೆ. ಈ ಸಲದ ದೂರು ನಮ್ಮ ವ್ಯಾಪಾರದ ಒಳಗಿನದು. ಅದರಲ್ಲಿ ನನ್ನ ಪಾಲೂ ಇರುವುದರಿಂದ ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೆ.

ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪದಲ್ಲಿರುವ ನಮ್ಮ ಅಂಗಡಿಗೆ ಶಾಲಾ ಶಿಕ್ಷಕಿಯೊಬ್ಬರು ಹಳೆಯ ಗಿರಾಕಿ. ಅವರ ತಾಯಿಯ ಕಾಲದಿಂದಲೂ ಪಾತ್ರೆ ಪಡಗ ನಮ್ಮಲ್ಲಿಯೇ. 2021ರ ದೀಪಾವಳಿಯ ಸಮಯದಲ್ಲಿ ಅವರು ಗಾಜಿನ ಮೇಲ್ಮೈಯುಳ್ಳ ಮೂರು ಬರ್ನರಿನ ಒಂದು ಒಲೆಯನ್ನು ಕೊಂಡರು. ಹೆಸರಾಂತ ಕಂಪನಿಯ ಮಾಲು. ಹೆಸರು ಇಲ್ಲಿ ಅನಾವಶ್ಯಕ. ಎರಡು ವರ್ಷದ ವಾರಂಟಿ. 2023ರ ಜನವರಿಯಲ್ಲಿ ಅವರು ಅಂಗಡಿಗೆ ಬಂದು, ಎಡಗಡೆಯ ನಾಬು ಸಡಿಲವಾಗಿದೆ, ಒಲೆ ಆರಿಸಿದ ಮೇಲೂ ಆಗಾಗ ಗ್ಯಾಸಿನ ವಾಸನೆ ಬರುತ್ತದೆ ಎಂದರು. ಕಂಪನಿಯ ಉಚಿತ ದೂರವಾಣಿಗೆ ನಾನೇ ಕರೆ ಮಾಡಿ ದೂರು ದಾಖಲಿಸಿದೆ. ದೂರಿನ ಸಂಖ್ಯೆಯೊಂದು ಮೊಬೈಲಿಗೆ ಬಂದಿತು. ನಾಲ್ಕನೆಯ ದಿನ, ಯಾರೂ ಅವರ ಮನೆಗೆ ಹೋಗದೆಯೇ, "ನಿಮ್ಮ ದೂರು ಪರಿಹಾರವಾಗಿದೆ" ಎಂಬ ಸಂದೇಶವೂ ಬಂದಿತು. ಮತ್ತೆ ಕರೆ ಮಾಡಿದೆ. ಹೊಸ ಸಂಖ್ಯೆ ಕೊಟ್ಟರು. ಅದೂ ಹಾಗೆಯೇ ಮುಗಿಯಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಗಿರಾಕಿಯನ್ನು ಕಾಯಿಸುವುದು ಬೇಡವೆಂದು ನಮ್ಮ ಅಂಗಡಿಯ ಹುಡುಗನನ್ನು ಅವರ ಮನೆಗೆ ಕಳುಹಿಸಿದೆ. ಅವನು ನಾಬು ಬಿಚ್ಚಿ, ವಾಲ್ವಿನ ಒಳಗೆ ಗ್ರೀಸ್ ಹಚ್ಚಿ, ಸ್ಕ್ರೂ ಬಿಗಿ ಮಾಡಿ ಬಂದ. ಕೆಲವು ದಿನ ವಾಸನೆ ನಿಂತಿತು. ಇಬ್ಬರಿಗೂ ಸಮಾಧಾನವಾಯಿತು.

ಆ ವರ್ಷದ ಯುಗಾದಿಯ ಹಿಂದಿನ ದಿನ ಹೂರಣಕ್ಕೆ ಕಡಲೆಬೇಳೆ ಬೇಯಲು ಇಟ್ಟಿದ್ದಾಗ ಆ ಒಲೆಯ ಗಾಜು ಭಾರೀ ಸದ್ದಿನೊಂದಿಗೆ ಪುಡಿಪುಡಿಯಾಯಿತು. ಪಾತ್ರೆ ಮಗುಚಿ ಕುದಿಯುವ ಬೇಳೆಕಟ್ಟು ಶಿಕ್ಷಕಿಯವರ ಎರಡೂ ಪಾದಗಳ ಮೇಲೆ ಬಿದ್ದಿತು. ಅವರ ಮಗ ಓಡಿ ಬಂದು ರೆಗ್ಯುಲೇಟರ್ ಬಂದ್ ಮಾಡಿದ್ದರಿಂದ ಅನಾಹುತ ಅಷ್ಟಕ್ಕೇ ನಿಂತಿತು. ಹುಡುಗ ಶಾಲೆಗೆ ಹೋಗಿದ್ದ ದಿನವಾಗಿದ್ದರೆ ಏನಾಗುತ್ತಿತ್ತೋ ಎಂಬುದನ್ನು ನಾನು ಅನೇಕ ರಾತ್ರಿ ಯೋಚಿಸಿದ್ದೇನೆ.

ಕಂಪನಿಯ ತಂತ್ರಜ್ಞರು ಬಂದುದು ಹತ್ತೊಂಬತ್ತನೆಯ ದಿನ. ವಾಸ್ತವವಾಗಿ ಅವರು ಕಂಪನಿಯವರೂ ಅಲ್ಲ. ನಾಲ್ಕಾರು ಕಂಪನಿಗಳ ಸೇವಾ ಗುತ್ತಿಗೆ ಹಿಡಿದ ಬೇರೊಂದು ಸಂಸ್ಥೆಯ ನೌಕರರು. ಬಂದವರು ಮೊದಲು ಭೇಟಿ ಶುಲ್ಕ ಕೇಳಿದರು. ಆಮೇಲೆ ಮೊಬೈಲಿನಲ್ಲಿ ಎರಡು ಚಿತ್ರ ತೆಗೆದುಕೊಂಡು, "ದೊಡ್ಡ ಪಾತ್ರೆ ಇಟ್ಟಿದ್ದೀರಿ, ಗ್ರಾಹಕರ ತಪ್ಪು, ಗಾಜಿಗೆ ವಾರಂಟಿ ಇಲ್ಲ" ಎಂದು ಬರೆದುಕೊಂಡು ಹೋದರು. ಒಲೆಯೊಂದಿಗೆ ಬಂದ ಪುಸ್ತಿಕೆಯನ್ನು ನಾನು ಮೊದಲ ಪುಟದಿಂದ ಕೊನೆಯವರೆಗೆ ಓದಿ ನೋಡಿದೆ. ಎಷ್ಟು ಅಗಲದ ಪಾತ್ರೆ ಇಡಬಹುದು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಗಾಜಿಗೆ ವಾರಂಟಿ ಇಲ್ಲವೆಂಬುದು ಮಾತ್ರ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿತ್ತು.

ನಂತರ ನಾನು ಆ ಒಲೆಯನ್ನು ತರಿಸಿಕೊಂಡು, ನಲವತ್ತು ವರ್ಷದಿಂದ ಸ್ಟೋವ್ ರಿಪೇರಿ ಮಾಡುತ್ತಿರುವ ನಮ್ಮ ಪೇಟೆಯ ಹಿರಿಯರೊಬ್ಬರಿಂದ ಬಿಚ್ಚಿಸಿದೆ. ಎಡಗಡೆಯ ವಾಲ್ವಿನ ಸುತ್ತ, ಗಾಜಿನ ಅಡಿಭಾಗದಲ್ಲಿ, ಹೊಗೆಯ ಮಸಿ ಹಿಡಿದಿತ್ತು. ಅಂದರೆ ಸೋರಿದ ಗ್ಯಾಸು ಬರ್ನರಿನ ಕೆಳಗೇ ಸಣ್ಣಗೆ ಹತ್ತಿ ಉರಿಯುತ್ತಿತ್ತು. ಗಾಜು ಒಂದು ಕಡೆ ಕಾದಿತ್ತು, ಇನ್ನೊಂದು ಕಡೆ ತಣ್ಣಗಿತ್ತು. ಆ ಹಿರಿಯರು ವಾಲ್ವಿನೊಳಗಿನ ಗ್ರೀಸನ್ನು ಬೆರಳಿನಿಂದ ತಿಕ್ಕಿ ನೋಡಿ, "ಇದು ಸೈಕಲ್ಲಿಗೆ ಹಚ್ಚೋ ಗ್ರೀಸ್ ಐತ್ರಿ ಸಾವಕಾರ್ರ, ಗ್ಯಾಸಿನ ವಾಲ್ವಿಗೆ ನಡೆಯಂಗಿಲ್ಲ" ಎಂದರು. ಎಲ್‌ಪಿಜಿಯಲ್ಲಿ ಕರಗದ, ಶಾಖಕ್ಕೆ ಒಣಗದ ವಿಶೇಷ ಗ್ರೀಸು ವಾಲ್ವಿಗೆ ಬೇಕಾಗುತ್ತದೆ ಎಂಬುದು ಮೂವತ್ತು ವರ್ಷ ಒಲೆ ಮಾರಿದ ನನಗೆ ಅಂದು ತಿಳಿಯಿತು.

ಈ ಪ್ರಕರಣದ ತಾಂತ್ರಿಕ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಕೌಂಟರಿನಲ್ಲಿ ನಿಂತು ಮಾರುವ ನಮ್ಮಲ್ಲಿ ಬಹುಮಂದಿಗೆ ಇದು ಗೊತ್ತಿಲ್ಲ. ಟಫನ್ಡ್ ಗಾಜೆಂದರೆ ಸಾಮಾನ್ಯ ಗಾಜನ್ನು 600 ಡಿಗ್ರಿಗೂ ಮಿಕ್ಕಿ ಕಾಯಿಸಿ, ತಣ್ಣನೆಯ ಗಾಳಿಯನ್ನು ರಭಸದಿಂದ ಹಾಯಿಸಿ ಥಟ್ಟನೆ ಆರಿಸಿದ ಗಾಜು. ಹೊರಮೈ ಮೊದಲು ಗಟ್ಟಿಯಾಗಿ, ಒಳಭಾಗ ನಿಧಾನವಾಗಿ ಕುಗ್ಗುವುದರಿಂದ ಹೊರಗೆ ಒತ್ತಡವೂ ಒಳಗೆ ಸೆಳೆತವೂ ಸದಾ ಉಳಿದುಕೊಳ್ಳುತ್ತವೆ. ಇದರ ಬಲವೂ ಅದೇ, ದೌರ್ಬಲ್ಯವೂ ಅದೇ. ಮೇಲ್ಮೈಗೆ ಬಿದ್ದ ಪೆಟ್ಟನ್ನು ಅದು ಸಾಮಾನ್ಯ ಗಾಜಿಗಿಂತ ಅನೇಕ ಪಟ್ಟು ತಡೆಯುತ್ತದೆ. ಆದರೆ ಅಂಚಿಗೆ ಬಿದ್ದ ಒಂದು ಸಣ್ಣ ಪೆಟ್ಟು, ತಯಾರಿಕೆಯಲ್ಲಿ ಒಳಗೆ ಉಳಿದ ನಿಕ್ಕಲ್ ಸಲ್ಫೈಡಿನ ಒಂದು ಕಣ, ಅಥವಾ ಒಂದೆಡೆ ಅತಿಯಾಗಿ ತಗಲಿದ ಶಾಖ ಆ ಸಮತೋಲವನ್ನು ಕೆಡಿಸಿದರೆ ಇಡೀ ಗಾಜು ಒಮ್ಮೆಲೇ ಹರಳುಗಳಾಗಿ ಸಿಡಿಯುತ್ತದೆ. ಬಿರುಕು ಬಿಟ್ಟು ಮುನ್ಸೂಚನೆ ಕೊಡುವ ಸ್ವಭಾವ ಅದಕ್ಕಿಲ್ಲ. ಸಾಗಣೆಯಲ್ಲಿ ಪೆಟ್ಟಿಗೆಯ ಮೂಲೆ ನೆಲಕ್ಕೆ ಬಡಿದಿದ್ದರೆ ಆ ಗಾಯ ಕಣ್ಣಿಗೆ ಕಾಣದೆ ತಿಂಗಳುಗಟ್ಟಲೆ ಕಾಯ್ದುಕೊಂಡಿರಬಹುದು. ಲಾರಿಯಿಂದ ಒಲೆಯ ಪೆಟ್ಟಿಗೆಗಳನ್ನು ನಮ್ಮ ಹಮಾಲರು ಹೇಗೆ ಇಳಿಸುತ್ತಾರೆ ಎಂಬುದನ್ನು ಬಲ್ಲ ಸದಸ್ಯರಿಗೆ ಹೆಚ್ಚು ಹೇಳಬೇಕಿಲ್ಲ.

ಇನ್ನು ಅನಿಲದ ಸ್ವಭಾವ. ನಮ್ಮ ಮನೆಗಳ 14.2 ಕಿಲೋ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣವು ಗಾಳಿಗಿಂತ ಭಾರ. ಸೋರಿದ್ದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ಒಲೆಯ ಪೆಟ್ಟಿಗೆಯೊಳಗೆ, ಕಟ್ಟೆಯ ಕೆಳಗೆ, ನೆಲದ ಮೇಲೆ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹತ್ತಿಕೊಳ್ಳಲು ಸಾಕು. ರೆಗ್ಯುಲೇಟರಿನಿಂದ ಹೊರಬರುವಾಗ ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಮಾತ್ರ. ಆದ್ದರಿಂದ ವಾಲ್ವಿನ ಸಣ್ಣ ಸೋರಿಕೆ ಸದ್ದು ಮಾಡುವುದಿಲ್ಲ. ವಾಸನೆಗೆಂದು ಬೆರೆಸಿದ ಈಥೈಲ್ ಮರ್‌ಕ್ಯಾಪ್ಟನ್ ಒಂದೇ ಎಚ್ಚರಿಕೆ, ಆ ವಾಸನೆಗೂ ಮೂಗು ಬೇಗ ಒಗ್ಗಿಹೋಗುತ್ತದೆ. ವಾಸನೆಯ ದೂರು ಬಂದಾಗ ಅದನ್ನು "ನಾಬು ಸಡಿಲ" ಎಂಬ ಶೀರ್ಷಿಕೆಯಡಿ ಬರೆದುಕೊಳ್ಳುವ ಸೇವಾ ಕೇಂದ್ರವು ಬೆಂಕಿಯ ದೂರನ್ನು ಪೀಠೋಪಕರಣದ ದೂರಿನಂತೆ ನೋಡುತ್ತಿದೆ ಎಂದೇ ನನ್ನ ಅಭಿಪ್ರಾಯ. ತಿರುಪು ಕಳಚಿದ ಕುರ್ಚಿ ಹತ್ತು ದಿನ ಕಾಯಬಹುದು. ಸೋರುವ ವಾಲ್ವು ಹತ್ತು ನಿಮಿಷವೂ ಕಾಯುವಂತಹುದಲ್ಲ. ಅನಿಲ ಸೋರಿಕೆಗೆಂದೇ ತೈಲ ಕಂಪನಿಗಳು ದಿನದ ಇಪ್ಪತ್ತನಾಲ್ಕು ಗಂಟೆಯೂ ನಡೆಸುವ 1906 ಎಂಬ ಸಹಾಯವಾಣಿ ಇದೆ. ಜನವರಿಯಲ್ಲಿ ಶಿಕ್ಷಕಿಯವರಿಗೆ ಆ ಸಂಖ್ಯೆಯನ್ನು ಕೊಟ್ಟು, ರೆಗ್ಯುಲೇಟರ್ ಮುಚ್ಚಿಟ್ಟು ಒಲೆಯನ್ನು ಬಳಸಬೇಡಿ ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ.

ಈಗ ಕಾನೂನಿನ ಮಾತು. "ಕಂಪನಿ ಮಾಲು, ನಮಗೇನು ಸಂಬಂಧ, ನಾವು ಬರೀ ಮಾರುವವರು" ಎಂಬ ಉತ್ತರ ನಮ್ಮ ಪೇಟೆಯಲ್ಲಿ ಇಂದಿಗೂ ಕೇಳಿಬರುತ್ತದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಾಲದಲ್ಲಿಯೇ ಆ ಉತ್ತರಕ್ಕೆ ಹೆಚ್ಚು ಬಲವಿರಲಿಲ್ಲ. 2020ರ ಜುಲೈ ತಿಂಗಳಿನಿಂದ ಜಾರಿಗೆ ಬಂದ 2019ರ ಹೊಸ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವೇ ಇದ್ದು, 82ರಿಂದ 87ರವರೆಗಿನ ಕಲಮುಗಳು ಅದಕ್ಕೆ ಮೀಸಲಾಗಿವೆ. ಸದಸ್ಯರು ಈ ಆರು ಕಲಮುಗಳನ್ನಾದರೂ ಒಮ್ಮೆ ಓದಬೇಕೆಂದು ನನ್ನ ವಿನಂತಿ. ವಕೀಲರ ನೆರವಿಲ್ಲದೆ ಅರ್ಥವಾಗುವಷ್ಟು ನೇರವಾಗಿಯೇ ಇವೆ.

ತಯಾರಕನ ಹೊಣೆಯನ್ನು ಹೇಳುವ 84ನೆಯ ಕಲಮು, ತಯಾರಿಕೆಯ ದೋಷ ಮತ್ತು ವಿನ್ಯಾಸದ ದೋಷಗಳ ಜೊತೆಗೆ, ಸರಿಯಾದ ಬಳಕೆಯ ಸೂಚನೆಯನ್ನೂ ಅಪಾಯದ ಎಚ್ಚರಿಕೆಯನ್ನೂ ಸಾಕಷ್ಟು ಕೊಡದಿರುವುದನ್ನೂ ಹೊಣೆಗೆ ಕಾರಣವೆಂದು ಎಣಿಸುತ್ತದೆ. ಪಾತ್ರೆಯ ಅಳತೆ ಹೇಳದ ಪುಸ್ತಿಕೆಯನ್ನು ಮುದ್ರಿಸಿ, ಆಮೇಲೆ ಪಾತ್ರೆ ದೊಡ್ಡದೆಂದು ಗ್ರಾಹಕಿಯ ಮೇಲೆ ತಪ್ಪು ಹೊರಿಸುವ ಕಂಪನಿ ಈ ಕಲಮಿನ ಎದುರು ಹೇಗೆ ನಿಲ್ಲುವುದೋ ನಾನರಿಯೆ.

ನಮ್ಮಂತಹ ಮಾರಾಟಗಾರರಿಗೆ ಸಂಬಂಧಿಸಿದ್ದು 86ನೆಯ ಕಲಮು. ಬರೀ ಮಾರಿದ ಮಾತ್ರಕ್ಕೆ ಅದು ನಮ್ಮನ್ನು ಹಿಡಿಯುವುದಿಲ್ಲ. ಆದರೆ ಮಾರಾಟಗಾರನು ವಸ್ತುವಿನಲ್ಲಿ ಮಾರ್ಪಾಡು ಮಾಡಿ ಅದೇ ಹಾನಿಗೆ ಪ್ರಮುಖ ಕಾರಣವಾದರೆ, ಕಂಪನಿ ಕೊಟ್ಟ ವಾರಂಟಿಯ ಮೇಲೆ ತನ್ನದೇ ಭರವಸೆ ಕೊಟ್ಟಿದ್ದರೆ, ತಯಾರಕನು ಯಾರೆಂದೇ ತಿಳಿಯದಿದ್ದರೆ ಅಥವಾ ಅವನಿಗೆ ನೋಟೀಸು ಮುಟ್ಟಿಸಲಾಗದಿದ್ದರೆ, ಜೋಡಣೆ, ತಪಾಸಣೆ, ನಿರ್ವಹಣೆಗಳಲ್ಲಿ ತಕ್ಕಷ್ಟು ಎಚ್ಚರ ವಹಿಸದಿದ್ದರೆ, ತಯಾರಕನು ಕೊಟ್ಟ ಎಚ್ಚರಿಕೆಯನ್ನು ಗಿರಾಕಿಗೆ ದಾಟಿಸದಿದ್ದರೆ, ಹೊಣೆ ಅಂಗಡಿಯ ಬಾಗಿಲಿಗೇ ಬರುತ್ತದೆ. "ಅಕ್ಕೋರ, ಇದು ಹತ್ತು ವರ್ಷ ಬರತೈತಿ, ನಾ ಅದೀನಲ್ಲ" ಎಂದು ಕೌಂಟರಿನಲ್ಲಿ ನಾವು ಆಡುವ ಮಾತು, ನಮ್ಮ ಹುಡುಗ ಹಚ್ಚಿದ ಗ್ರೀಸು, ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಬರೆಯದೆ "ಗ್ಯಾಸ್ ಸ್ಟೋವ್ – 1" ಎಂದಷ್ಟೇ ಬರೆಯುವ ರೂಢಿ, ಇವೆಲ್ಲ ಈ ಕಲಮಿನ ಬೆಳಕಿನಲ್ಲಿ ಬೇರೆಯೇ ಆಗಿ ಕಾಣುತ್ತವೆ. ಒಳ್ಳೆಯ ಉದ್ದೇಶದಿಂದ ನಾನು ಮಾಡಿಸಿದ ರಿಪೇರಿ ಕಂಪನಿಗೆ ತಪ್ಪಿಸಿಕೊಳ್ಳುವ ಬಾಗಿಲನ್ನೂ ನನಗೆ ಹೊಣೆಯ ನೊಗವನ್ನೂ ಒಟ್ಟಿಗೇ ಒದಗಿಸಿತ್ತು. ಅವರು ಆ ಬಾಗಿಲನ್ನು ಬಳಸಲಿಲ್ಲವೆಂದರೆ, ಒಲೆಯನ್ನು ಬಿಚ್ಚಿ ನೋಡುವಷ್ಟು ಶ್ರಮವನ್ನೂ ಅವರ ಕಡೆಯವರು ತೆಗೆದುಕೊಂಡಿರಲಿಲ್ಲ ಎಂಬುದೇ ಕಾರಣ.

ಸಣ್ಣ ಉತ್ಪಾದಕರಿಗೂ ಒಂದು ಮಾತು. ಕಾಯಿದೆಯ 2ನೆಯ ಕಲಮಿನಲ್ಲಿರುವ ತಯಾರಕ ಎಂಬ ಪದದ ವ್ಯಾಖ್ಯೆ ಬಹಳ ವಿಶಾಲ. ವಸ್ತುವಿನ ಬಿಡಿಭಾಗ ಮಾಡುವವನೂ, ಬೇರೆಯವರ ಬಿಡಿಭಾಗ ಜೋಡಿಸುವವನೂ, ಇನ್ನೊಬ್ಬರು ಮಾಡಿದ ಮಾಲಿಗೆ ತನ್ನ ಹೆಸರು ಅಂಟಿಸುವವನೂ ತಯಾರಕನೇ. ಹಿತ್ತಾಳೆಯ ವಾಲ್ವು, ಜೆಟ್ಟು, ಬರ್ನರ್ ಟೊಪ್ಪಿಗೆ ಮಾಡಿ ದೊಡ್ಡ ಹೆಸರಿನ ಕಂಪನಿಗಳಿಗೆ ಪೂರೈಸುವವರು ದೇಶದ ಅನೇಕ ಕೈಗಾರಿಕಾ ವಸಾಹತುಗಳಲ್ಲಿ ಇದ್ದಾರೆ. ಬಿಡಿಭಾಗವನ್ನು ಅಗತ್ಯ ಎಚ್ಚರಿಕೆ ಸೂಚನೆಗಳೊಡನೆ ಕೊಂಡವನಿಗೆ ಒಪ್ಪಿಸಿದ್ದರೆ ಅಂತಿಮ ವಸ್ತುವಿನ ಹಾನಿಗೆ ಬಿಡಿಭಾಗದವನನ್ನು ಎಳೆಯಲಾಗದು ಎಂಬ ರಕ್ಷಣೆ 87ನೆಯ ಕಲಮಿನಲ್ಲಿದೆ. ಆದರೆ ಆ ಸೂಚನೆ ಕೊಟ್ಟುದಕ್ಕೆ ದಾಖಲೆ ಬೇಕು. ಬಾಯಿಮಾತಿನ ಆರ್ಡರು, ಚೀಟಿಯ ಮೇಲಿನ ಲೆಕ್ಕ, ತಂಡದ ಸಂಖ್ಯೆಯಿಲ್ಲದ ಮಾಲು, ಈ ರೀತಿ ವ್ಯವಹರಿಸುವ ಸಣ್ಣ ಕಾರ್ಖಾನೆಯು ತನ್ನ ನಿರಪರಾಧವನ್ನು ತೋರಿಸುವುದು ಹೇಗೆ? ತಪ್ಪು ಯಾವ ತಂಡದಲ್ಲಾಯಿತೆಂದು ತಿಳಿಯದಿದ್ದಾಗ ಎಲ್ಲ ತಂಡಗಳೂ ಅಪರಾಧಿಗಳೇ.

ಮುದ್ರೆಯ ವಿಷಯದಲ್ಲಿ ನಮ್ಮ ಪೇಟೆ ಇನ್ನೂ ಉದಾಸೀನವಾಗಿದೆ. ಎಲ್‌ಪಿಜಿ ಒಲೆಗಳಿಗೆ ಐ.ಎಸ್. 4246 ಎಂಬ ಭಾರತೀಯ ಮಾನಕವಿದ್ದು, ಅನಿಲ ಸೋರಿಕೆ, ಜ್ವಾಲೆಯ ಸ್ಥಿರತೆ, ದಹನದ ಪೂರ್ಣತೆ ಮುಂತಾದ ಪರೀಕ್ಷೆಗಳನ್ನೂ, ಶೇಕಡಾ 68ಕ್ಕೆ ಕಡಿಮೆಯಿಲ್ಲದ ಉಷ್ಣ ದಕ್ಷತೆಯನ್ನೂ ಅದು ವಿಧಿಸಿದೆ. ಮನೆಬಳಕೆಯ ಒಲೆಗಳು ಕಡ್ಡಾಯ ಗುಣಮಟ್ಟ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದ ಮೇಲೆ, ಐ.ಎಸ್.ಐ. ಮುದ್ರೆಯಿಲ್ಲದ ಒಲೆಯನ್ನು ಮಾರುವುದೇ ಅಪರಾಧ. 2021ರ ಡಿಸೆಂಬರಿನಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮುದ್ರೆಯಿಲ್ಲದ ಮನೆವಸ್ತುಗಳನ್ನು ಕೊಳ್ಳಬಾರದೆಂದು ಹೊರಡಿಸಿದ ಸುರಕ್ಷಾ ಸೂಚನೆಯಲ್ಲಿ ಗ್ಯಾಸ್ ಒಲೆಯ ಹೆಸರೂ ಇತ್ತು. ಮರುವರ್ಷ, ಮುದ್ರೆಯಿಲ್ಲದ ಪ್ರೆಶರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟುದಕ್ಕಾಗಿ ಎರಡು ದೊಡ್ಡ ಅಂತರಜಾಲ ಮಾರಾಟ ಸಂಸ್ಥೆಗಳಿಗೆ ಅದೇ ಪ್ರಾಧಿಕಾರ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಕೊಂಡವರಿಗೆ ತಿಳಿಸಿ ಮಾಲನ್ನು ಹಿಂಪಡೆದು ಹಣ ಮರಳಿಸುವಂತೆ ಆದೇಶಿಸಿತು. ಅಂತಹ ಸಂಸ್ಥೆಗಳಿಗೆ ಒಂದು ಲಕ್ಷ ಚಹಾ ಖರ್ಚಿನಷ್ಟೇ. ಆದರೆ "ನಾವು ಬರೀ ವೇದಿಕೆ" ಎಂಬ ಅವರ ವಾದವನ್ನು ಪ್ರಾಧಿಕಾರ ಒಪ್ಪಲಿಲ್ಲವೆಂಬುದನ್ನು "ನಾವು ಬರೀ ಅಂಗಡಿ" ಎನ್ನುವವರು ಗಮನಿಸಬೇಕು.

ಮುದ್ರೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ನಾನು ಹೇಳಲಾರೆ. ಶಿಕ್ಷಕಿಯವರ ಒಲೆಯ ಮೇಲೆ ಮುದ್ರೆ ಇತ್ತು, ಪರವಾನಗಿ ಸಂಖ್ಯೆಯೂ ಇತ್ತು. ಕಾರ್ಖಾನೆಯಿಂದ ಹೊರಬಿದ್ದ ದಿನ ಒಲೆ ಹೇಗಿತ್ತೆಂಬುದನ್ನು ಮುದ್ರೆ ಹೇಳಬಲ್ಲದು. ಹದಿನಾಲ್ಕು ತಿಂಗಳ ನಂತರ ವಾಲ್ವು ಸೋರತೊಡಗಿದಾಗ ದೂರವಾಣಿ ಎತ್ತುವವರು ಯಾರು ಎಂಬುದನ್ನು ಅದು ಹೇಳದು.

ದೋಷ ಎಲ್ಲ ದೇಶಗಳಲ್ಲಿಯೂ ಆಗುತ್ತದೆ, ದೊಡ್ಡ ಕಂಪನಿಗಳಲ್ಲಿಯೂ ಆಗುತ್ತದೆ. 2024ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಕಂಪನಿಯು ಅಮೆರಿಕದಲ್ಲಿ ಮಾರಿದ ಸುಮಾರು 11 ಲಕ್ಷ ವಿದ್ಯುತ್ ಒಲೆಗಳ ವಿಷಯದಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಹಿಂತೆಗೆತದ ಪ್ರಕಟಣೆ ಹೊರಡಿಸಬೇಕಾಯಿತು. ಮುಂಭಾಗದಲ್ಲಿದ್ದ ನಾಬುಗಳು ಮನುಷ್ಯರ ಮೈ ತಾಗಿಯೋ ಸಾಕುಪ್ರಾಣಿಗಳು ತಾಗಿಯೋ ತಾವಾಗಿ ತಿರುಗಿ ಒಲೆ ಹೊತ್ತಿಕೊಳ್ಳುತ್ತಿತ್ತು. 2013ರಿಂದ ಅಲ್ಲಿಯವರೆಗೆ ಸುಮಾರು 250 ಬೆಂಕಿ ಪ್ರಕರಣಗಳು, 40ರಷ್ಟು ಗಾಯಗಳು ವರದಿಯಾಗಿದ್ದವು. ಕೊಟ್ಟ ಪರಿಹಾರವೆಂದರೆ ನಾಬಿಗೆ ಹಾಕುವ ಬೀಗ ಅಥವಾ ಮುಚ್ಚಳ, ಉಚಿತವಾಗಿ. ಹನ್ನೊಂದು ವರ್ಷ ತಡವಾದುದಕ್ಕೆ ಇದು ಕಡಿಮೆಯೆಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡುವುದಿಲ್ಲ. ಆದರೂ ಯಾವ ಮಾದರಿ, ಯಾವ ಅವಧಿಯಲ್ಲಿ ಮಾರಿದ್ದು ಎಂಬುದೆಲ್ಲ ಪ್ರಕಟವಾಯಿತು. ಮನೆಯಾಕೆ ತನ್ನ ಒಲೆಯ ಮೇಲಿನ ಸಂಖ್ಯೆ ನೋಡಿ ತನ್ನದೂ ಅದರಲ್ಲಿದೆಯೇ ಎಂದು ತಿಳಿಯಬಹುದಾಗಿತ್ತು. ನಮ್ಮಲ್ಲಿಯೂ ಅಪಾಯಕಾರಿ ಮಾಲನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ 2019ರ ಕಾಯಿದೆಯ 20ನೆಯ ಕಲಮಿನಡಿ ಕೇಂದ್ರೀಯ ಪ್ರಾಧಿಕಾರಕ್ಕೆ ಇದೆ. ಆದರೆ ಒಂದು ಆದೇಶ ಬಂದಿತೆಂದೇ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಯಾವ ಅಂಗಡಿಯು ತಾನು ಆ ಮಾದರಿಯ ಒಲೆಯನ್ನು ಯಾರಿಗೆ ಮಾರಿದ್ದೆಂದು ಪಟ್ಟಿ ಕೊಡಬಲ್ಲದು? ನನ್ನ ಅಂಗಡಿ 2023ರವರೆಗೆ ಕೊಡಲಾಗುತ್ತಿರಲಿಲ್ಲ.

ಶಿಕ್ಷಕಿಯವರ ಪ್ರಕರಣ ಹೇಗೆ ಮುಗಿಯಿತೆಂದು ಓದುಗರು ಕೇಳಬಹುದು. ಮುಗಿದಿದೆ ಎನ್ನಲಾರೆ. ಕಂಪನಿಯ ಪ್ರಾಂತೀಯ ಅಧಿಕಾರಿಗಳಿಗೆ ನಾನು ಮೂರು ಪತ್ರ ಬರೆದೆ. ಎರಡೂವರೆ ತಿಂಗಳ ನಂತರ, ಮುಂದೆ ಯಾವುದೇ ದೂರು ನೀಡುವುದಿಲ್ಲವೆಂದು ಬರೆದುಕೊಟ್ಟರೆ ಹೊಸ ಒಲೆ ಕೊಡುವುದಾಗಿ ಉತ್ತರ ಬಂದಿತು. ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಪಾದಗಳಿಗೆ ಆಗಲೂ ಬಟ್ಟೆ ಸುತ್ತಿತ್ತು. ಪತ್ರ ಓದಿ ಮಡಚಿ ನನ್ನ ಕೈಗೇ ಕೊಟ್ಟು, "ಸಾವಕಾರ್ರ, ನಾ ಕಂಪನಿ ಮಾರಿ ನೋಡಿಲ್ಲ. ನಿಮ್ಮ ಅಂಗಡಿ ನೋಡಿ ತಗೊಂಡೇನಿ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಸಿಟ್ಟಾಗಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ಆಸ್ಪತ್ರೆಯ ಖರ್ಚನ್ನೂ ಬೇರೆ ಒಲೆಯೊಂದನ್ನೂ ನಾನೇ ಕೊಟ್ಟೆ. ಅವರು ಒಲೆಯನ್ನು ಇಟ್ಟುಕೊಂಡು ಖರ್ಚಿನ ಅರ್ಧವನ್ನು ಮರಳಿ ಕಳುಹಿಸಿದರು. ಕಂಪನಿಯಿಂದ ನನಗೆ ಈವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಅವರ ಮಾಲನ್ನು ಇಡುವುದನ್ನು ನಿಲ್ಲಿಸಿದ್ದರಿಂದ ಆ ವರ್ಷದ ಸ್ಕೀಮಿನ ರಿಯಾಯಿತಿಯೂ ಹೋಯಿತು.

ಗ್ರಾಹಕ ಆಯೋಗಕ್ಕೆ ಹೋಗಿ ಎಂದು ನಾನೇ ಅವರಿಗೆ ಹೇಳಿದ್ದೆ, ಹೋದರೆ ಎದುರುದಾರರಲ್ಲಿ ನನ್ನ ಹೆಸರೂ ಇರುತ್ತದೆಂದು ತಿಳಿದೇ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ತಾವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು, ಕಾರಣ ಉಂಟಾದ ದಿನದಿಂದ ಎರಡು ವರ್ಷದ ಅವಕಾಶವಿದೆ. ಅವರು ಹೋಗಲಿಲ್ಲ. ಶಾಲೆ, ಪರೀಕ್ಷೆ, ವಯಸ್ಸಾದ ಅತ್ತೆಯವರು, ಹೀಗೆ ನೂರು ಕೆಲಸ. ಕಂಪನಿಗಳ ಲೆಕ್ಕಾಚಾರ ನಿಂತಿರುವುದೂ ಇದರ ಮೇಲೆಯೇ.

ನಮ್ಮ ಸದಸ್ಯರಲ್ಲಿ ಕೆಲವರು ಬೇರೆ ಮಾತು ಹೇಳುತ್ತಾರೆ. ಒಲೆಯಲ್ಲಿ ಉಳಿಯುವ ಲಾಭವೇ ಅಲ್ಪ. ಗಿರಾಕಿ ನಮ್ಮಲ್ಲಿ ಬಂದು ಮುಟ್ಟಿ ನೋಡಿ, ಅಂತರಜಾಲದಲ್ಲಿ ಅಗ್ಗಕ್ಕೆ ಕೊಂಡು, ಕೆಟ್ಟಾಗ ಮತ್ತೆ ನಮ್ಮ ಬಾಗಿಲಿಗೆ ಬರುತ್ತಾನೆ. ಇಂಥವರಿಗೆ ಸೇವೆ ಎಲ್ಲಿಂದ ಕೊಡುವುದು? ಈ ಮಾತಿನಲ್ಲಿ ಸತ್ಯವಿದೆ, ನಾನೂ ಅನುಭವಿಸಿದ್ದೇನೆ. ಆದರೆ ಗಮನಿಸಿ: ಅಂತರಜಾಲ ಮಾರಾಟಗಾರರಿಗೆ 2020ರ ನಿಯಮಗಳು ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದು ಗಡುವು ಹಾಕಿವೆ. ಪಾಲಿಸುತ್ತಾರೋ ಬಿಡುತ್ತಾರೋ, ಗಿರಾಕಿಗೆ ತೋರಿಸಲು ಒಂದು ಗಡುವಾದರೂ ಇದೆ. ಬೆಲೆಯಲ್ಲಿ ಅವರನ್ನು ನಾವು ಗೆಲ್ಲಲಾರೆವು. ನಮ್ಮ ಕೈಯಲ್ಲಿ ಉಳಿದಿರುವುದು ಕೆಟ್ಟಾಗ ಮುಖ ತೋರಿಸುವ ಶಕ್ತಿಯೊಂದೇ. ಅದನ್ನೂ ದೂರದ ಊರಿನ ದೂರವಾಣಿ ಕೇಂದ್ರಕ್ಕೆ ಒಪ್ಪಿಸಿ ಕೈ ತೊಳೆದುಕೊಂಡರೆ ಜನ ನಮ್ಮ ಅಂಗಡಿಯ ಮೆಟ್ಟಿಲು ಏರಬೇಕಾದ ಕಾರಣವೇ ಇಲ್ಲ.

ಒಬ್ಬೊಬ್ಬ ಡೀಲರ್ ಕೇಳಿದರೆ ಕಂಪನಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಾಲು ಬೇಡವಾದರೆ ಬಿಡಿ, ಪಕ್ಕದ ಅಂಗಡಿಗೆ ಕೊಡುತ್ತೇವೆ ಎನ್ನುತ್ತಾರೆ. ಈ ಕೆಲಸ ಸಂಸ್ಥೆಯ ಮೂಲಕ ಆಗಬೇಕೆಂದು ನಾನು ಬರೆಯುತ್ತಿರುವುದು ಅದಕ್ಕಾಗಿಯೇ. ಗೃಹೋಪಯೋಗಿ ವಸ್ತುಗಳ ವರ್ತಕರು ಒಟ್ಟಾಗಿ ಕಂಪನಿಗಳ ಮುಂದೆ ಇಡಬೇಕಾದ ಬೇಡಿಕೆ ದೊಡ್ಡದೇನೂ ಅಲ್ಲ. ಅನಿಲದ ವಾಸನೆಯ ದೂರನ್ನು ಉಳಿದ ದೂರುಗಳಿಂದ ಪ್ರತ್ಯೇಕಿಸಿ 24 ಗಂಟೆಯೊಳಗೆ ಮನೆಗೆ ಜನ ಕಳುಹಿಸಬೇಕು. ಗಿರಾಕಿಯ ಸಹಿಯಿಲ್ಲದೆ ದೂರನ್ನು ಮುಚ್ಚಬಾರದು. ಗಾಜಿಗೂ ವಾರಂಟಿ ಬೇಕು. ಕೊಡಲಾಗದಿದ್ದರೆ ಆ ಮಾತನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಮುದ್ರಿಸಬೇಕು, ಪಾತ್ರೆಯ ಗರಿಷ್ಠ ಅಗಲವನ್ನೂ ಅದರ ಪಕ್ಕದಲ್ಲೇ. ವಾಲ್ವು ಮತ್ತು ಜೆಟ್ಟುಗಳು ಡೀಲರಿಗೆ ಬೆಲೆಗೆ ಸಿಗಬೇಕು, ಅವುಗಳನ್ನು ಬದಲಿಸಲು ಪ್ರತಿ ಊರಿನಲ್ಲಿ ಒಬ್ಬರಿಬ್ಬರಿಗಾದರೂ ಕಂಪನಿಯೇ ತರಬೇತಿ ಕೊಡಬೇಕು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗೃಹೋಪಯೋಗಿ ವಸ್ತುಗಳೂ ಅದರ ಪಟ್ಟಿಯಲ್ಲಿದ್ದವು. ಆದ್ದರಿಂದ ಇದು ನಾವು ಹೊಸದಾಗಿ ಹುಟ್ಟಿಸಿದ ಬೇಡಿಕೆಯೂ ಅಲ್ಲ.

ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ನನ್ನ ಅಂಗಡಿಯಲ್ಲಿ ಈಗ ಪ್ರತಿ ಒಲೆಯ ಬಿಲ್ಲಿನಲ್ಲಿ ಮಾದರಿ, ಕ್ರಮಾಂಕ, ಐ.ಎಸ್.ಐ. ಪರವಾನಗಿ ಸಂಖ್ಯೆಗಳನ್ನು ಬರೆಯುತ್ತೇವೆ. ಗಿರಾಕಿಯ ದೂರವಾಣಿ ಸಂಖ್ಯೆಯೊಡನೆ ಅದನ್ನು ಒಂದು ಖಾತೆ ಪುಸ್ತಕದಲ್ಲಿಯೂ ಇಡುತ್ತೇವೆ. ಮಾಲು ಬಂದಾಗ ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ತೆಗೆದುಕೊಳ್ಳುವುದಿಲ್ಲ. ಮೊದಲ ಆರು ತಿಂಗಳು ಸಾಗಣೆ ಏಜೆಂಟರೊಡನೆ ಜಗಳವೇ ಆಯಿತು, ಈಗ ಅವರೇ ನೋಡಿ ಇಳಿಸುತ್ತಾರೆ. ರಬ್ಬರು ಪೈಪಿನ ವಯಸ್ಸು ಕೇಳಿ, ಐದು ವರ್ಷ ದಾಟಿದ್ದರೆ ಬದಲಿಸಲು ಹೇಳುತ್ತೇವೆ. ವಾಸನೆ ಎಂಬ ಮಾತು ಕಿವಿಗೆ ಬಿದ್ದರೆ ಹುಡುಗನನ್ನು ಕಳುಹಿಸುವುದಿಲ್ಲ. ರೆಗ್ಯುಲೇಟರ್ ಮುಚ್ಚಿಸಿ 1906 ಸಂಖ್ಯೆ ಕೊಡುತ್ತೇವೆ, ಒಲೆ ಸರಿಯಾಗುವವರೆಗೆ ಅಂಗಡಿಯ ಎರಡು ಬರ್ನರಿನ ಒಲೆಯೊಂದನ್ನು ಎರವಲು ಕಳುಹಿಸುತ್ತೇವೆ. ಖರ್ಚು ಎಷ್ಟೆಂದರೆ ಒಂದು ಖಾತೆ ಪುಸ್ತಕ, ಎರಡು ಒಲೆ.

ಕಂಪನಿಗಳಿಗೆ ಕಳುಹಿಸಬೇಕಾದ ಬೇಡಿಕೆಯ ಕರಡನ್ನು ನಾನು ಸಿದ್ಧಪಡಿಸಿ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಮುಂದಿನ ಸಭೆಗೆ ಮುನ್ನ ಪಾತ್ರೆ ಹಾಗೂ ಗೃಹೋಪಯೋಗಿ ವಸ್ತುಗಳ ವರ್ತಕರು ಅದನ್ನು ಓದಿ ತಿದ್ದುಪಡಿ ಸೂಚಿಸಬೇಕು. ಶಿಕ್ಷಕಿಯವರ ಒಲೆ, ಮಸಿ ಹಿಡಿದ ವಾಲ್ವು ಮತ್ತು ಒಂದು ಡಬ್ಬಿ ತುಂಬ ಗಾಜಿನ ಹರಳುಗಳೊಡನೆ, ನನ್ನ ಗೋದಾಮಿನಲ್ಲಿದೆ. ನೋಡಬಯಸುವ ಸದಸ್ಯರು, ವಿಶೇಷವಾಗಿ ವಾಲ್ವು ತಯಾರಿಸುವವರು, ರವಿವಾರ ಬಿಟ್ಟು ಯಾವ ದಿನವಾದರೂ ಸಂಜೆ ಆರರ ನಂತರ ಬರಬಹುದು.